ಡಬ್ಬಿಗೆ ಬೆಳಕು ಸಾಲದು

ಊರಿನ ಅರ್ಧ ಜನರನ್ನು ನಗಿಸಿದ್ದ ಸ್ಟುಡಿಯೋದವರಿಗೆ ಸ್ವಂತ ಮಗಳನ್ನು ನಗಿಸಲು ಆಗುತ್ತಿರಲಿಲ್ಲ. ಇದು ಅವರ ಅಂತರಂಗದ ದುಃಖ. (ಅಂತರಂಗದ್ದು ಎಂದರೂ ದಿನಕ್ಕೆರಡು ಸಲ ಹೆಂಡತಿಯ ಮುಂದೆ ಬಹಿರಂಗವಾಗುತ್ತಿತ್ತು.)

ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಅವರ ಫೋಟೋ ಸ್ಟುಡಿಯೋ. ಮದುವೆ, ಹುಟ್ಟುಹಬ್ಬ, ನಿವೃತ್ತಿಯ ಬೀಳ್ಕೊಡುಗೆ, ಪಾಸ್‌ಪೋರ್ಟ್ ಅಳತೆಯ ಮುಖಗಳು, ಎಲ್ಲವೂ ಅವರ ಕೈಯಲ್ಲೇ ಆಗಬೇಕು. ಸಂತೋಷ ಎಂಬುದು ತಾನಾಗಿ ಬರುವ ವಸ್ತುವಲ್ಲ, ಅದನ್ನು ಕೂರಿಸಿ, ಗಲ್ಲ ಎತ್ತಿಸಿ, ಎಡಗಡೆಯಿಂದ ಬೆಳಕು ಬಿಟ್ಟು ಬರಿಸಬೇಕು ಎಂಬುದು ಅವರ ಜೀವನದ ಪರಮ ಸಿದ್ಧಾಂತ. ಬೆಳಗಿನಿಂದ ಜಗಳವಾಡಿಕೊಂಡು ಬಂದ ಗಂಡ ಹೆಂಡಿರನ್ನೂ ಅವರು ಆದರ್ಶ ದಂಪತಿಯನ್ನಾಗಿ ಮಾಡಿ ಚೌಕಟ್ಟು ಹಾಕಿಸಿ ಕಳಿಸಿದ್ದುಂಟು.

ಆದರೆ ಮಗಳು ಹದಿನಾಲ್ಕು ದಾಟಿದ್ದೇ ತಡ, ಕ್ಯಾಮೆರಾ ಕಂಡರೆ ಮುಖಕ್ಕೆ ಕೈ ಅಡ್ಡ ಹಿಡಿಯತೊಡಗಿದಳು. ಈಗ ಅವಳಿಗೆ ಹದಿನಾರು. ಎರಡು ವರ್ಷದ ಮನೆಯ ಆಲ್ಬಮ್ಮಿನಲ್ಲಿ ಅವಳ ಮುಖ ಇರಬೇಕಾದ ಕಡೆಯೆಲ್ಲ ಅಂಗೈ. ಆ ಫೋಟೋಗಳನ್ನು ನೋಡಿ ಅವಳ ಹಸ್ತರೇಖೆ ಓದಿ ಭವಿಷ್ಯ ಹೇಳಬಹುದಿತ್ತು, ಆದರೆ ಅವಳು ಹೇಗಿದ್ದಾಳೆ ಎಂದು ಮಾತ್ರ ಹೇಳುವಂತಿರಲಿಲ್ಲ. ಅಪ್ಪನ ಜೊತೆ ಮಾತೂ ಅಷ್ಟಕ್ಕಷ್ಟೇ. ಅವಳ ಕೋಣೆಯ ಬಾಗಿಲು ಸದಾ ಮುಚ್ಚಿರುತ್ತಿತ್ತು. ಭಾನುವಾರ ಬಂದರೆ ಸೈಕಲ್ ಹತ್ತಿ ಗೆಳತಿಯ ಮನೆಗೆ ಎಂದು ಹೋದವಳು ಊಟದ ಹೊತ್ತಿಗೆ ಮೊಣಕೈಗೆಲ್ಲ ಮಣ್ಣು ಮಾಡಿಕೊಂಡು ಬರುತ್ತಿದ್ದಳು.

"ಅವಳು ನಗೋದನ್ನೇ ಮರ್ತುಬಿಟ್ಟಿದ್ದಾಳೆ ಕಣೇ" ಎಂದು ಸ್ಟುಡಿಯೋದವರು ಕೊರಗಿದರೆ, ಹೆಂಡತಿ ತಲೆ ಎತ್ತದೆ, "ನಗ್ತಾಳೆ ರೀ. ನೀವು ಸ್ಟುಡಿಯೋಗೆ ಹೋದ್ಮೇಲೆ" ಎನ್ನುತ್ತಿದ್ದಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಮಾತನ್ನೂ ಗುಳಿಗೆಯಂತೆ ಎಣಿಸಿ ಕೊಡುವುದು ಅಭ್ಯಾಸ.

ಹೀಗಿರುವಾಗ ಸ್ಟುಡಿಯೋಗೆ ಫೋಟೋ ತೆಗೆಸಲು ಬಂದ ಒಬ್ಬ ಮದುವೆ ಗಂಡು ಅವರಿಗೆ ಜಿಯೋಕ್ಯಾಚಿಂಗ್ ಎಂಬ ಆಟದ ಸುದ್ದಿ ಹೇಳಿದ. ಲೋಕದಲ್ಲಿ ಕೆಲವರು ಸಣ್ಣ ಡಬ್ಬಿಯೊಂದನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಗುರುತನ್ನು ಫೋನಿನಲ್ಲಿ ಹಾಕುತ್ತಾರಂತೆ. ಇನ್ನು ಕೆಲವರು ಫೋನು ತೋರಿಸಿದ ದಿಕ್ಕಿಗೆ ನಡೆದು, ಹುಡುಕಿ, ಡಬ್ಬಿಯೊಳಗಿನ ಚೀಟಿಯಲ್ಲಿ ಹೆಸರು ಬರೆದು, ಅದನ್ನು ಮತ್ತೆ ಇದ್ದಲ್ಲೇ ಇಟ್ಟು ಬರುತ್ತಾರಂತೆ. ದಾರಿಹೋಕರಿಗೆ ಗುಟ್ಟು ಬಿಡಬಾರದು, ಡಬ್ಬಿಯ ಜಾಗ ಬದಲಿಸಬಾರದು, ಇವೆರಡೇ ಧರ್ಮಸೂತ್ರ. ಸ್ಟುಡಿಯೋದವರ ತಲೆಯಲ್ಲಿ ದೀಪ ಹತ್ತಿತು. ಮಗಳು ಹೇಗೂ ಫೋನು ಬಿಡುವವಳಲ್ಲ. ಆ ಫೋನೇ ಅವಳನ್ನು ಕೈಹಿಡಿದು ಬಯಲಿಗೆ ತರುವುದಾದರೆ, ಡಬ್ಬಿ ಸಿಕ್ಕ ಗಳಿಗೆಯಲ್ಲಿ ಆ ಮುಖ ಅರಳುವುದಾದರೆ, ಆ ಗಳಿಗೆಯಲ್ಲಿ ಅಪ್ಪನಾದವನು ಕ್ಯಾಮೆರಾ ಹಿಡಿದು ಸಿದ್ಧನಾಗಿರುವುದಾದರೆ, ಇನ್ನೇನು ಬೇಕು?

ಅವರು ತಡಮಾಡಲಿಲ್ಲ. ಊರಾಚೆಯ ದೊಡ್ಡ ಪಾರ್ಕಿನಲ್ಲಿ 'ಒಣಗೂಬೆ' ಎಂಬ ಹೆಸರಿನ ಯಾರೋ ಒಬ್ಬರು ಇಟ್ಟ ಡಬ್ಬಿ ಇದೆಯೆಂದು ಫೋನಿನಲ್ಲಿ ಕಂಡುಕೊಂಡು, ಮನೆಯಲ್ಲಿ ಯಾರಿಗೂ ಹೇಳದೆ ಒಬ್ಬರೇ ಹೋಗಿ ನೋಡಿ ಬಂದರು. ಮದುವೆಗೆ ಮುಂಚೆ ಛತ್ರ ನೋಡಿಕೊಂಡು ಬರುವುದು ಅವರ ವೃತ್ತಿಯ ಪದ್ಧತಿ, ಅದರಲ್ಲೇನೂ ತಪ್ಪಿಲ್ಲ. ತಪ್ಪಾದದ್ದು ಆಮೇಲೆ. ಡಬ್ಬಿ ಇದ್ದದ್ದು ಮರದ ಕಾಲುಸೇತುವೆಯ ಅಡಿ, ಕಂಬದ ಹಿಂದೆ, ಕಗ್ಗತ್ತಲಲ್ಲಿ. ಸ್ಟುಡಿಯೋದವರು ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟರು. ಇಲ್ಲಿ ಫೋಟೋ ತೆಗೆದರೆ ಮಗಳ ಹಲ್ಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಅವರು ಅತ್ತಿತ್ತ ನೋಡಿ, ಡಬ್ಬಿಯನ್ನು ಎತ್ತಿಕೊಂಡು, ಕೊಳದ ಆಚೆ ದಡದ ಹಳೇ ಮರದ ಬೇರಿನ ಪೊಟರೆಯಲ್ಲಿ ಇಟ್ಟು ಬಂದರು. ಹನ್ನೊಂದರ ಹೊತ್ತಿಗೆ ಎಲೆಗಳ ನಡುವಿಂದ ಓರೆಯಾಗಿ ಬಿಸಿಲು ಬೀಳುವ, ಫೋಟೋಕ್ಕೆಂದೇ ದೇವರು ಮಾಡಿಟ್ಟ ಜಾಗ ಅದು. ಫೋನು ಸೇತುವೆ ತೋರಿಸಿದರೂ ಅಪ್ಪನಿಗೆ ಒಳಗಿನಿಂದ ಏನೋ ಹೊಳೆದಂತೆ ಮಾಡಿ ಮಗಳನ್ನು ಅಲ್ಲಿಗೆ ಕರೆದೊಯ್ದರಾಯಿತು.

ಮುಂದಿನ ವಾರ ಊಟಕ್ಕೆ ಕೂತಾಗ ಅವರು ಪ್ರಸ್ತಾಪ ಮಂಡಿಸಿದರು. ಒಂದು ಭಾಷಣವನ್ನೇ ಸಿದ್ಧಮಾಡಿಕೊಂಡಿದ್ದರು.

"ಸಿಕ್ಕಿದ್ದನ್ನ ಅಲ್ಲೇ ಇಟ್ಟು ಬರೋದಕ್ಕೆ ಅಷ್ಟು ದೂರ ಯಾಕ್ರೀ ಹೋಗ್ಬೇಕು?" ಎಂದಳು ಹೆಂಡತಿ. "ನಿಮ್ಮ ಕನ್ನಡಕನ ಮನೇಲೇ ದಿನಾ ಹುಡುಕ್ತೀವಲ್ಲ."

"ಡಬ್ಬೀಲಿ ತಿನ್ನೋಕೇನಾದ್ರೂ ಇರುತ್ತಾ ಅಳಿಯಂದ್ರೇ?" ಎಂದರು ಅತ್ತೆ. ಅವರು ಬೇಸಿಗೆಗೆಂದು ಮಗಳ ಮನೆಗೆ ಬಂದವರು, ಮೂರು ಬೇಸಿಗೆ ಕಳೆದರೂ ಇನ್ನೂ ಹೊರಟಿರಲಿಲ್ಲ.

ಮಗಳು ಚಮಚ ಕೆಳಗಿಟ್ಟಳು. "ಯಾರ ಡಬ್ಬಿ ಅಂದೆ?"

"ಒಣಗೂಬೆ ಅಂತ ಯಾರೋ ಒಬ್ಬ."

ಮಗಳು ಅಮ್ಮನ ಮುಖ ನೋಡಿದಳು, ಅಮ್ಮ ಅಜ್ಜಿಯ ಮುಖ ನೋಡಿದಳು, ಅಜ್ಜಿ ತಟ್ಟೆ ನೋಡಿಕೊಂಡರು. "ಸರಿ, ಬರ್ತೀನಿ" ಎಂದಳು ಮಗಳು. ಭಾಷಣದ ಮುಕ್ಕಾಲು ಪಾಲು ಇನ್ನೂ ಹೊಟ್ಟೆಯಲ್ಲೇ ಇತ್ತು. ಕಾಲು ಭಾಗಕ್ಕೇ ಈ ಪರಿಣಾಮವಾದರೆ ಪೂರ್ತಿ ಹೇಳಿದ್ದರೆ ಏನಾಗುತ್ತಿತ್ತೋ ಎಂದು ಸ್ಟುಡಿಯೋದವರು ತಮ್ಮ ವಾಕ್ಚಾತುರ್ಯಕ್ಕೆ ತಾವೇ ಬೆರಗಾದರು.

ಭಾನುವಾರ ಬೆಳಗ್ಗೆ ಅವಳೇ ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತಿದ್ದಳು. ಅತ್ತೆ ಬ್ರೆಡ್ಡು, ಬಾಳೆಹಣ್ಣು, ಒಂದು ಛತ್ರಿಯೊಂದಿಗೆ ಹಿಂದಿನ ಸೀಟು ಅಲಂಕರಿಸಿದರು. ದಾರಿಯುದ್ದಕ್ಕೂ ಸ್ಟುಡಿಯೋದವರು ಆಟದ ನಿಯಮ ಬೋಧಿಸಿದರು. "ಯಾರ ಹತ್ರಾನೂ ಬಾಯಿ ಬಿಡಬಾರದು ಅತ್ತೆ, ಗೊತ್ತಾಯ್ತಾ?"

"ಕದ್ದು ಮುಚ್ಚಿ ಮಾಡೋಕೆ ಇದೇನು ಕಳ್ಳತನಾನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಸ್ಟುಡಿಯೋದವರು ತಕ್ಷಣ ಕನ್ನಡಿ ಸರಿಮಾಡಿಕೊಂಡು, "ಛೆ, ಕಳ್ಳತನ ಯಾಕಾಗುತ್ತೆ? ಯಾರು ಹಾಗಂದಿದ್ದು?" ಎಂದರು. ಯಾರೂ ಅಂದಿರಲಿಲ್ಲ.

ಪಾರ್ಕಿನಲ್ಲಿ ಮಗಳು ಫೋನು ಕೈಯಲ್ಲಿ ಹಿಡಿದಿದ್ದಳು, ಆದರೆ ಅದನ್ನು ನೋಡುವ ಗೋಜಿಗೆ ಹೋಗಲಿಲ್ಲ. ಸೀದಾ ಕಾಲುಸೇತುವೆಗೆ ನಡೆದು, ಕೆಳಗಿಳಿದು, ಕಂಬದ ಹಿಂದೆ ಕೈ ಹಾಕಿದಳು. ಕೈ ಬರಿದಾಗಿ ಹೊರಬಂತು. ಈಚೆ ಬಂದ ಅವಳ ಮುಖ ಬಾಡಿದ್ದು ಮೇಲೆ ನಿಂತ ಸ್ಟುಡಿಯೋದವರಿಗೆ ಚೆನ್ನಾಗಿ ಕಾಣಿಸಿತು.

"ಇಲ್ಲ. ನಿಜವಾಗ್ಲೂ ಯಾರೋ ಎತ್ಕೊಂಡು ಹೋಗಿದ್ದಾರೆ" ಎಂದಳು.

"ಆ ಗೂಬೆಗೆ ಬುದ್ಧಿ ಇಲ್ಲ ಪುಟ್ಟಿ" ಎಂದು ಅಪ್ಪ ಸಮಾಧಾನ ಹೇಳಿದರು. "ಇಂಥಾ ಕತ್ತಲೇಲಿ ಯಾರಾದ್ರೂ ಡಬ್ಬಿ ಇಡ್ತಾರಾ? ಬೆಳಕಿನ ಜ್ಞಾನವೇ ಇಲ್ಲದ ಪ್ರಾಣಿ."

"ಬಚ್ಚಿಡೋದಕ್ಕೆ ಬೆಳಕು ಯಾಕೆ ಬೇಕು?"

"ಬೇಕಮ್ಮ. ಬದುಕಲ್ಲಿ ಎಲ್ಲದಕ್ಕೂ ಬೇಕು. ಆ ಗೂಬೆ ಯಾರೋ ಸೋಮಾರಿನೇ ಇರ್ಬೇಕು, ಕೈಗೆ ಸಿಕ್ಕ ಕಡೆ ತುರುಕಿ ಹೋಗಿದ್ದಾನೆ. ನನಗ್ಯಾಕೋ ಆ ಕೊಳದ ಆಚೆ ದಡ ನೋಡಿದ್ರೆ ಮನಸ್ಸು ಎಳೀತಿದೆ."

"ನಿಮ್ಮ ಮನಸ್ಸಿಗೆ ಜಾಗದ ಗುರುತೂ ಬರುತ್ತಾ?" ಎಂದಳು ಹೆಂಡತಿ.

ಅಷ್ಟರಲ್ಲಿ ಅತ್ತೆ ಪಾರ್ಕಿನ ಕಾವಲುಗಾರನಿಗೆ ಒಂದು ಬಾಳೆಹಣ್ಣು ಕೊಟ್ಟು ಆಟದ ವೃತ್ತಾಂತವನ್ನೆಲ್ಲ ಸವಿಸ್ತಾರವಾಗಿ ಹೇಳಿ ಮುಗಿಸಿದ್ದರು. (ಬಾಯಿ ಬಿಡಬಾರದು ಎಂದದ್ದನ್ನು ಅವರು ತಿನ್ನುವ ವಿಷಯಕ್ಕೆ ಎಂದುಕೊಂಡಿದ್ದರಂತೆ. ಅದನ್ನೂ ಅವರು ಪಾಲಿಸುತ್ತಿರಲಿಲ್ಲ.) ಕಾವಲುಗಾರ ಹಣ್ಣು ಸುಲಿಯುತ್ತ ಹತ್ತಿರ ಬಂದವನು ಸ್ಟುಡಿಯೋದವರನ್ನು ಕಂಡು ಮುಖ ಅರಳಿಸಿದ.

"ಓ, ಸಾರ್. ಅವತ್ತು ಸೇತುವೆ ಕೆಳಗೆ ಕನ್ನಡಕ ಹುಡುಕ್ತಾ ಇದ್ರಲ್ಲ, ಸಿಕ್ತಾ?"

ಸ್ಟುಡಿಯೋದವರು ಮುಖ ಆಚೆ ತಿರುಗಿಸಿದರು. "ನಾನಲ್ಲಪ್ಪ. ಬೇರೆ ಯಾರೋ ಇರ್ಬೇಕು. ನನ್ನದು ಸಾಧಾರಣ ಮುಖ, ತುಂಬಾ ಜನಕ್ಕೆ ಇರುತ್ತೆ."

"ಈ ಮೀಸೆನೂ ಇರುತ್ತಾ?" ಎಂದಳು ಹೆಂಡತಿ.

ಮಗಳು ಅಪ್ಪನನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿದಳು, ಅಷ್ಟೇ. ಆದರೆ ಸ್ಟುಡಿಯೋದವರಿಗೆ ಆ ನೋಟದ ಅರ್ಥ ಯೋಚಿಸಲು ಪುರಸೊತ್ತಿರಲಿಲ್ಲ. ಬಿಸಿಲು ಏರುತ್ತಿತ್ತು, ನೆರಳು ಜರುಗುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಕಳೆದರೆ ಆ ಓರೆ ಬೆಳಕು ನೆತ್ತಿಗೆ ಬಂದು ಎಲ್ಲರ ಕಣ್ಣ ಕೆಳಗೂ ಕಪ್ಪು ಚೀಲ ತೂಗುಹಾಕುತ್ತದೆ. ಎರಡು ವರ್ಷ ಕಾದದ್ದು ನೀರಿನಲ್ಲಿ ಹೋಮವಾಗುತ್ತದೆ. ಅವರು ತಾಳ್ಮೆ ಕಳೆದುಕೊಂಡು ಕೊಳ ಬಳಸಿ ದಾಪುಗಾಲು ಹಾಕಿದರು. ಹಿಂದೆ ಮಗಳು, ಅವಳ ಹಿಂದೆ ಹೆಂಡತಿ, ಕೊನೆಯಲ್ಲಿ ಛತ್ರಿ.

ಮರದ ಬುಡದಲ್ಲಿ ಅವರು ಹೊಟ್ಟೆಯ ಮೇಲೆ ಮಲಗಿ, ಕ್ಯಾಮೆರಾ ಕಣ್ಣಿಗೆ ಹಿಡಿದು, ಬೇರಿಗೆ ನೇರವಾಗಿ ಗುರಿಯಿಟ್ಟರು. ಬೆಳಕು ಬಂಗಾರವಾಗಿತ್ತು. ವೃತ್ತಿಯ ಆವೇಶ ಮೈತುಂಬಿ ಬಂತು, ತಾವು ಎಲ್ಲಿದ್ದೇವೆ, ಏನು ಮುಚ್ಚಿಡುತ್ತಿದ್ದೇವೆ ಎಂಬುದೆಲ್ಲ ಮರೆತೇ ಹೋಯಿತು.

"ಪುಟ್ಟಿ, ಆ ಬೇರಿನ ಪಕ್ಕ ಬಂದು ಕೂತ್ಕೋ. ಹಾಂ. ಈಗ ಪೊಟರೆ ಒಳಗೆ ಎಡಗೈ ಹಾಕು. ಬಲಗೈ ಬೇಡ, ಡಬ್ಬಿ ತೆಗೆಯುವಾಗ ಮುಖದ ಮೇಲೆ ನೆರಳು ಬೀಳುತ್ತೆ."

ಕ್ಯಾಮೆರಾದ ಕಿಂಡಿಯಲ್ಲಿ ಮಗಳ ಎರಡು ಚಪ್ಪಲಿಗಳು ಬಂದು ನಿಂತವು.

"ಅಪ್ಪಾ, ಡಬ್ಬಿ ಎಲ್ಲಿದೆ ಅಂತಾನೇ ಗೊತ್ತಿಲ್ಲದೋನಿಗೆ, ಯಾವ ಕೈ ಹಾಕಬೇಕು ಅಂತ ಹೇಗೆ ಗೊತ್ತಾಯ್ತು?"

ಸ್ಟುಡಿಯೋದವರು ಮಲಗಿದ್ದಲ್ಲಿಂದಲೇ ತಪ್ಪೊಪ್ಪಿಕೊಂಡರು. ಎದ್ದು ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ. "ಜಾಗ ಅಷ್ಟೇ ಬದಲಿಸಿದ್ದು ಪುಟ್ಟಿ. ಆಮೇಲೆ ಅಲ್ಲೇ ಇಡ್ತಿದ್ದೆ. ಆ ಗೂಬೆಗೆ ಗೊತ್ತೇ ಆಗ್ತಿರ್ಲಿಲ್ಲ."

"ಗೊತ್ತಾಗಿದೆ."

"ಅದು ನಿನಗೆ ಹೇಗೆ ಗೊತ್ತು?"

"ಆ ಗೂಬೆ ನಾನೇ."

ಕಳೆದ ವಾರವಿಡೀ ಡಬ್ಬಿ ಹುಡುಕಿ ಬಂದವರೆಲ್ಲ ಆಟದ ಪುಟದಲ್ಲಿ ಒಣಗೂಬೆಯನ್ನು ಬೈದು ಬರೆಯುತ್ತಿದ್ದರಂತೆ, ಇಲ್ಲದ ಡಬ್ಬಿಗೆ ಜನರನ್ನು ಅಲೆಸುತ್ತೀಯಾ ಎಂದು. ಈ ಕಳ್ಳ ಯಾರೆಂದು ಹಿಡಿಯಲೇಬೇಕೆಂದು ಹಟ ತೊಟ್ಟು ಅವಳು ಇಂದು ಬಂದದ್ದು. ಸ್ಟುಡಿಯೋದವರು ತಮ್ಮ ಭಾಷಣವನ್ನು ನೆನೆಸಿಕೊಂಡು ಮಣ್ಣಿಗೆ ಮುಖ ಒತ್ತಿದರು. ಹೆಂಡತಿಯತ್ತ ನೋಡಿದರೆ ಅವಳು ಪೊಟರೆಯಿಂದ ಡಬ್ಬಿ ತೆಗೆದು ಒರೆಸುತ್ತಿದ್ದಳು. "ನಮ್ಮ ಅಂಗಡೀದೇ. ಮುಚ್ಚಳ ಗಟ್ಟಿ ಇರ್ಲಿ ಅಂತ ನಾನೇ ಆರಿಸಿ ಕೊಟ್ಟಿದ್ದು."

"ಒಳಗೆ ಬಣ್ಣದ ಗುಂಡಿಗಳಿವೆಯಲ್ಲ, ನನ್ನ ಹಳೇ ಕೋಟಿನವು" ಎಂದರು ಅತ್ತೆ. ಊರಿಗೆಲ್ಲ ಗುಟ್ಟು ಹಂಚುವ ಈ ಹೆಂಗಸು ಒಂದೇ ಒಂದು ಗುಟ್ಟನ್ನು ವರ್ಷಗಟ್ಟಲೆ ಕಾಪಾಡಿದ್ದರು, ಅದೂ ಅಳಿಯನಿಂದ.

"ಎಲ್ರಿಗೂ ಗೊತ್ತಿತ್ತಾ? ನನಗೊಬ್ಬನಿಗೇ ಯಾಕೆ ಹೇಳ್ಲಿಲ್ಲ?"

ಮಗಳು ಡಬ್ಬಿಯನ್ನು ಅಮ್ಮನ ಕೈಯಿಂದ ತೆಗೆದುಕೊಂಡಳು. "ಹೇಳಿದ್ರೆ ನೀನು ಬಂದು ಬೆಳಕು ಸರಿ ಮಾಡ್ತಿದ್ದೆ."

ಮಾಡಿದ್ದೂ ಅದನ್ನೇ. ಸ್ಟುಡಿಯೋದವರಿಗೆ ನಿಜಕ್ಕೂ ನೋವಾಯಿತು, ನೋವಾಗಲು ತಮಗೆ ಹಕ್ಕಿಲ್ಲ ಎಂಬುದೂ ತಿಳಿಯಿತು. "ತಪ್ಪಾಯ್ತಮ್ಮ" ಎಂದರು. "ನೀನು ನಗೋದನ್ನ ನೋಡಿ ತುಂಬಾ ದಿನ ಆಗಿತ್ತು. ಒಂದು ಫೋಟೋ ಇರ್ಲಿ ಅಂತ..."

ಮಾತು ಮುಗಿಯಲಿಲ್ಲ. ಬೆಳಕನ್ನು ಅಷ್ಟು ಕೂಲಂಕಷವಾಗಿ ಪರಿಶೀಲಿಸಿದ್ದ ಅವರು ನೆಲವನ್ನು ಪರಿಶೀಲಿಸಿರಲಿಲ್ಲ. ಕೆಂಜಿಗದ ಸಮಸ್ತ ಸಂಸಾರ ಅಂಗಿಯೊಳಗೆ ಪ್ರವೇಶ ಮಾಡಿಯಾಗಿತ್ತು. ಸ್ಟುಡಿಯೋದವರು ಚಿಮ್ಮಿ ಎದ್ದು, ಒಂದು ಕಾಲಿನಲ್ಲಿ ಕುಣಿದು, ಬೆನ್ನಿಗೆ ಕೈ ಹಾಕಿ, ಕೈ ನಿಲುಕದೆ ಮರಕ್ಕೆ ಬೆನ್ನುಜ್ಜಿದರು. ಮರದಲ್ಲೂ ಇರುವೆಗಳಿದ್ದವು. ಅತ್ತೆ ಛತ್ರಿಯಿಂದ ಅಳಿಯನ ಬೆನ್ನಿಗೆ ಬಾರಿಸತೊಡಗಿದರು. ಅದರಲ್ಲಿ ಇರುವೆಗೆ ಎಷ್ಟು, ಅಳಿಯನಿಗೆ ಎಷ್ಟು ಎಂದು ಬೇರ್ಪಡಿಸುವುದು ಕಷ್ಟವಿತ್ತು.

ಆಗ ಮಗಳು ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಲ್ಲಿ, ಕೊನೆಗೆ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಕುಸಿದು ಕೂತು ನಕ್ಕಳು. ಮುಖಕ್ಕೆ ಕೈ ಅಡ್ಡ ಬರಲಿಲ್ಲ. ಕ್ಯಾಮೆರಾ ನೆಲದ ಮೇಲೆ ಬಿದ್ದಿತ್ತು. ಸ್ಟುಡಿಯೋದವರು ಅಂಗಿ ಅರ್ಧ ಬಿಚ್ಚಿದಂತೆಯೇ ನಿಂತು ಬಾಯಿ ತೆರೆದು ನೋಡಿದರು. ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು ಎಂದು ಯಾರಾದರೂ ಕೇಳಿದರೆ ಅವರಿಗೆ ಇಂದಿಗೂ ಹೇಳಲು ಬರುವುದಿಲ್ಲ.

ಫೋಟೋ ತೆಗೆದವಳು ಮಗಳು. ಒಂದು ತೋಳು ಅಂಗಿಯೊಳಗೆ, ಒಂದು ಹೊರಗೆ, ಮೀಸೆಯ ಮೇಲೊಂದು ಇರುವೆ, ಹಿನ್ನೆಲೆಯಲ್ಲಿ ಛತ್ರಿ ಎತ್ತಿದ ಅತ್ತೆ. 'ಡಬ್ಬಿ ಕಳ್ಳ ಸಿಕ್ಕಿಬಿದ್ದ, ನಮ್ಮಪ್ಪನೇ' ಎಂದು ಬರೆದು ಆಟದ ಪುಟಕ್ಕೆ ಹಾಕಿದಳು. ಸ್ಟುಡಿಯೋದವರು ಇಪ್ಪತ್ತು ವರ್ಷದಲ್ಲಿ ತೆಗೆದ ಯಾವ ಚಿತ್ರಕ್ಕೂ ಅಷ್ಟು ಮೆಚ್ಚುಗೆ ಬಂದಿರಲಿಲ್ಲ. ನೆರಳು ಮುಖದ ಮೇಲೇ ಬಿದ್ದಿದೆ ಎಂದು ಹೇಳಲು ಅವರು ಬಾಯಿ ತೆರೆದರು, ಹೆಂಡತಿಯ ಕಣ್ಣು ನೋಡಿ ಮುಚ್ಚಿಕೊಂಡರು.

ಶಿಕ್ಷೆಯೂ ಅಲ್ಲೇ ಪ್ರಕಟವಾಯಿತು. ಡಬ್ಬಿಯನ್ನು ಕಳ್ಳನೇ ಕೆಸರಿನಲ್ಲಿ ತೆವಳಿ ಕತ್ತಲಲ್ಲಿ ಮೊದಲಿನ ಜಾಗಕ್ಕೆ ಇಡತಕ್ಕದ್ದು. ಒಣಗೂಬೆಯ ಡಬ್ಬಿಗಳು ಊರ ಸುತ್ತ ಇನ್ನೂ ಹಲವು ಇವೆ, ಮಳೆಗಾಲದೊಳಗೆ ಅವನ್ನೆಲ್ಲ ಒಣಗಿಸಿ, ಚೀಟಿ ಬದಲಿಸಿ, ಮುಚ್ಚಳ ಬಿಗಿದು ಬರಬೇಕು. ಪ್ರತಿ ಭಾನುವಾರ ಚೀಲ ಹೊರುವ ಕೆಲಸ ಅಪ್ಪನದು. ಕ್ಯಾಮೆರಾ ತರಕೂಡದು. ಹೇಳಿದಷ್ಟು ಮಾಡಬೇಕು, ಸಲಹೆ ಕೊಡಕೂಡದು.

ಅದರ ಮುಂದಿನ ಭಾನುವಾರ ಬೆಳಗ್ಗೆ ಸ್ಟುಡಿಯೋದವರು ಚೀಲ ಹೆಗಲಿಗೇರಿಸಿ, ಕಲ್ಲುಗುಡ್ಡದ ಏರಿನಲ್ಲಿ ಮಗಳ ಹಿಂದೆ ಏದುಸಿರು ಬಿಡುತ್ತ ಹತ್ತುತ್ತಿದ್ದಾಗ ಫೋನು ಬಂತು. ತುರ್ತಾಗಿ ಒಂದು ಪಾಸ್‌ಪೋರ್ಟ್ ಫೋಟೋ ಬೇಕಂತೆ, ಸ್ಟುಡಿಯೋ ಯಾವಾಗ ತೆಗೆಯುತ್ತೀರಿ ಎಂದು ಗಿರಾಕಿ ಕೇಳಿದ.

"ಭಾನುವಾರ ಆಗಲ್ಲ ಸ್ವಾಮಿ. ಇನ್ನೊಬ್ಬರ ಕೈಕೆಳಗೆ ಕೆಲಸಕ್ಕೆ ಸೇರಿದ್ದೀನಿ."

"ಅಯ್ಯೋ ಪಾಪ, ಈ ವಯಸ್ಸಲ್ಲಿ? ಯಾವಾಗ ಬಿಡ್ತಾರೆ?"

ಮೇಲಿನಿಂದ ಮಗಳು, "ಅಪ್ಪಾ, ಮಾತು ಸಾಕು, ಬೇಗ ಬಾ" ಎಂದು ಗದರಿದಳು.

"ಬಿಡೋ ಹಾಗೆ ಕಾಣಲ್ಲ ಸ್ವಾಮಿ" ಎಂದು ಸ್ಟುಡಿಯೋದವರು ದನಿ ತಗ್ಗಿಸಿ ಹೇಳಿ, ಫೋನು ಜೇಬಿಗಿಟ್ಟು, ಚೀಲ ಸರಿಮಾಡಿಕೊಂಡು ಬೇಗಬೇಗ ಹತ್ತಿದರು.