ಉಂಗುರ ತೊಳೆಯಲು ಹೋಗಿ

ಈ ಮನೆಯಲ್ಲಿ ಇನ್ನು ಯಾರೂ ಬ್ರಷ್ ಹಿಡಿದು ಏನನ್ನೂ ತಿಕ್ಕಬೇಕಾಗಿಲ್ಲ ಎಂದು ನಾನು ಘೋಷಿಸಿದ್ದು ಒಂದು ಶನಿವಾರ ಬೆಳಿಗ್ಗೆ. ಊಟದ ಮೇಜಿನ ಮೇಲೆ ಹೊಸ ಅಲ್ಟ್ರಾಸಾನಿಕ್ ಕ್ಲೀನರ್ ಪಟ್ಟಾಭಿಷೇಕಕ್ಕೆ ಕೂತ ರಾಜಕುಮಾರನಂತೆ ಹೊಳೆಯುತ್ತಿತ್ತು. ನೀರು ತುಂಬಿ, ವಸ್ತು ಮುಳುಗಿಸಿ, ಗುಂಡಿ ಒತ್ತಿದರೆ ಆಯಿತು. ಕಿವಿಗೆ ಕೇಳಿಸದ ಸದ್ದು ನೀರನ್ನು ನಡುಗಿಸಿ, ಸಂದುಗೊಂದಿನ ಕೊಳೆಯನ್ನೆಲ್ಲ ಎಬ್ಬಿಸಿ ಓಡಿಸುತ್ತದೆ.

"ಅದರ ಜೊತೆ ಬಂದ ಪುಸ್ತಕ ಓದಿದ್ರಾ?" ಎಂದಳು ಹೆಂಡತಿ.

"ನೀರು ತುಂಬಿ ಗುಂಡಿ ಒತ್ತೋಕೆ ಯಾರಾದ್ರೂ ಪುಸ್ತಕ ಓದ್ತಾರಾ?" ಎಂದೆ.

ಮೊದಲು ನನ್ನ ಕನ್ನಡಕ ಮಿಂದೆದ್ದಿತು. ಆಮೇಲೆ ಬೀಗದ ಕೈ, ಚಮಚ, ಬಾಚಣಿಗೆ. ಎಲ್ಲವೂ ಫಳಫಳ. ನನ್ನ ಧೈರ್ಯವೂ ಹಾಗೆಯೇ ಹೊಳೆಯತೊಡಗಿತು.

ಮರುದಿನ ಅವಳ ತಮ್ಮನ ಮದುವೆ. ಹಸಿರು ಕಲ್ಲಿನ ಉಂಗುರವನ್ನು ಕನ್ನಡಿಯ ಮುಂದೆ ತೆಗೆದಿಟ್ಟು ಅವಳು ದರ್ಜಿಯ ಅಂಗಡಿಗೆ ಹೋದಳು. ನಮ್ಮ ಅತ್ತೆಯವರು ತಮ್ಮ ಬೆರಳಿನಿಂದಲೇ ಬಿಚ್ಚಿ ಮಗಳಿಗೆ ತೊಡಿಸಿದ ಉಂಗುರ ಅದು. ಮದುವೆಮನೆಯಲ್ಲಿ ಅವರು ಮೊದಲು ನೋಡುವುದೇ ಮಗಳ ಕೈಯನ್ನು. ಅವಳು ಬರುವಷ್ಟರಲ್ಲಿ ಹೊಸದರಂತೆ ಮಾಡಿಡೋಣ ಎಂದು ಉಂಗುರವನ್ನು ನೀರಿಗೆ ಬಿಟ್ಟೆ.

ಬೂದುಬಣ್ಣದ ಹೊಗೆಯಂತೆ ಕೊಳೆ ಎದ್ದಿತು. ಆಹಾ ಎಂದುಕೊಂಡೆ. ಹೊರತೆಗೆದಾಗ ಚಿನ್ನ ಮಿಂಚುತ್ತಿತ್ತು, ನಡುವೆ ಮಾತ್ರ ಒಂದು ಗುಳಿ. ಕಲ್ಲು ನೀರಿನ ತಳದಲ್ಲಿ ನಿಶ್ಚಿಂತೆಯಿಂದ ಮಲಗಿತ್ತು. ಯಾವ ಕಾಲದಲ್ಲೋ ಯಾರೋ ಅದನ್ನು ಅಂಟು ಹಾಕಿ ಕೂರಿಸಿರಬೇಕು. ಉಂಗುರ ತೊಳೆಯಲು ಹೋಗಿ ನಾನು ಉಂಗುರದಿಂದಲೇ ಕೈ ತೊಳೆದುಕೊಂಡಿದ್ದೆ.

ಚಪ್ಪಲಿ ಅಂಟಿಸುವ ಗೋಂದು ಡ್ರಾಯರಿನಲ್ಲಿತ್ತು. ಒಂದು ಹನಿ ಹಾಕಿ ಕಲ್ಲನ್ನು ಗಟ್ಟಿಯಾಗಿ ಒತ್ತಿ ಹಿಡಿದೆ. ಅಂಟಿತು, ಚೆನ್ನಾಗಿಯೇ ಅಂಟಿತು. ಆದರೆ ಉಂಗುರಕ್ಕಲ್ಲ, ನನ್ನ ತೋರುಬೆರಳಿಗೆ. ಎಳೆದರೆ ಚರ್ಮ ಬರುತ್ತಿತ್ತೇ ಹೊರತು ಕಲ್ಲು ಬರಲಿಲ್ಲ.

ಆಗ ನನ್ನ ಬುದ್ಧಿ ಇನ್ನೊಂದು ಮೆಟ್ಟಿಲು ಏರಿತು. ಹಳೆಯ ಅಂಟನ್ನು ಬಿಡಿಸಿದ ಯಂತ್ರ ಹೊಸ ಅಂಟನ್ನು ಬಿಡಿಸದೇ? ಗುಂಡಿ ಒತ್ತಿ, ಅಂಗಿಯ ತೋಳು ಮಡಚಿ, ಬೆರಳನ್ನು ನೀರಿನ ಹತ್ತಿರ ತಂದೆ. ಅಷ್ಟರಲ್ಲಿ ಹೆಂಡತಿ ಒಳಗೆ ಬಂದಳು.

ಅವಳು ಬೈಯಲಿಲ್ಲ. ಮೊದಲು ಪ್ಲಗ್ ಕಿತ್ತಳು. ಆಮೇಲೆ ನನ್ನ ಬೆರಳು ನೋಡಿದಳು, ಉಂಗುರ ನೋಡಿದಳು. ಡಬ್ಬದಿಂದ ಪುಸ್ತಕ ತೆಗೆದು, ಮಗುವಿಗೆ ಪಾಠ ಹೇಳುವವಳಂತೆ ನಿಧಾನವಾಗಿ ಓದಿದಳು.

"ಮುತ್ತು, ಅಂಟಿಸಿದ ಕಲ್ಲು ಹಾಕಬಾರದು. ಯಂತ್ರ ನಡೆಯುವಾಗ ನೀರಿನಲ್ಲಿ ಕೈ ಅದ್ದಬಾರದು. ಮೊದಲನೇ ಪುಟದಲ್ಲೇ ಇದೆ ಕಣ್ರೀ."

ಬೈದಿದ್ದರೇ ಚೆನ್ನಾಗಿತ್ತು.

ಅಕ್ಕಸಾಲಿಯ ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ಹೆಂಡತಿಯ ಹಿಂದೆ ಬೆರಳನ್ನು ಮೇಲೆತ್ತಿಕೊಂಡೇ ನಡೆದೆ. ಎದುರು ಬಂದವರೆಲ್ಲ ನಾನು ಏನೋ ತೋರಿಸುತ್ತಿದ್ದೇನೆಂದು ಆಕಾಶ ನೋಡಿದರು. ಅಕ್ಕಸಾಲಿ ಉಂಗುರವನ್ನು ತಿರುಗಿಸಿ ನೋಡಿ, ಸಂಜೆಯೊಳಗೆ ಕಲ್ಲನ್ನು ಭದ್ರವಾಗಿ ಕೂರಿಸಿಕೊಡುತ್ತೇನೆ, ಮದುವೆಗೆ ಚಿಂತೆ ಬೇಡ ಎಂದ. ಹೆಂಡತಿಯ ಮುಖಕ್ಕೆ ಜೀವ ಬಂತು. ಬಳಿಕ ಅವನು ನನ್ನ ಬೆರಳನ್ನು ಬಿಸಿನೀರಿನ ಬಟ್ಟಲಿನಲ್ಲಿ ಅದ್ದಿಸಿ, ಸಣ್ಣ ಚಿಮುಟ ಹಿಡಿದು ಯೋಚಿಸುತ್ತ ಕೂತ.

"ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಕಲ್ಲಿಗೆ ಗೀರು ಬೀಳುತ್ತೆ, ಇಲ್ಲಾ ಬೆರಳಿಗೆ ಗಾಯ ಆಗುತ್ತೆ. ಯಾವುದನ್ನ ಜೋಪಾನ ಮಾಡ್ಲಿ ಅಮ್ಮಾ?"

ಹೆಂಡತಿ ಕ್ಷಣವೂ ತಡಮಾಡಲಿಲ್ಲ.

"ಕಲ್ಲು ಒಂದೇ ಇರೋದು. ಇವರಿಗೆ ಬೆರಳು ಇನ್ನೂ ಒಂಬತ್ತಿವೆ."