ಮಾಳಿಗೆಯ ಘಾಟಿಗೆ ಮಲ್ಲಿಗೆ

ಬ್ಲೀಚಿಂಗ್ ನೀರಿನ ಘಾಟು ಮುಚ್ಚುವುದನ್ನೇ ಕೆಲಸ ಮಾಡಿಕೊಂಡವರಿಗೆ ಪೇಚಾಟಕ್ಕೇನೂ ಬರವಿಲ್ಲ. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಮೆಟ್ಟಿಲು ಹತ್ತಿ ಬಂದಿರುತ್ತದೆ.

ನಾನು ಗದಗಿನವಳು. ಯಜಮಾನರಿಗೆ ರೈಲ್ವೆಯಲ್ಲಿ ಕೆಲಸ. ಅವರಿಗೆ ಅಹಮದಾಬಾದಿಗೆ ವರ್ಗವಾದಾಗ ಮಣಿನಗರದಲ್ಲಿ ಮನೆ ಮಾಡಿದೆವು. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿ, ಅದನ್ನು ಸೋಡಾ ಹಾಕಿ ಬಜಿ ಕರಿಯಲಿಕ್ಕಷ್ಟೇ ಬಳಸುತ್ತಿದ್ದ ನಾನು, ಒಂದು ಮಳೆಗಾಲ ಮುಗಿದ ಮೇಲೆ ನಮ್ಮ ಮಾಳಿಗೆಯ ಪಾಚಿಯನ್ನು ಬ್ಲೀಚಿಂಗ್ ಹಾಕಿ ತಿಕ್ಕಿ ಬೆಳ್ಳಗೆ ಮಾಡಿದೆ. ಪಕ್ಕದ ಮನೆಯವರು ನೋಡಿ, "ನಮ್ಮದೂ ಮಾಡಿಕೊಡಿ" ಎಂದರು. ಆಮೇಲೆ ಅವರ ಬೀಗರು, ಬೀಗರ ಪಕ್ಕದವರು. ಗುಜರಾತಿನಲ್ಲಿ ಮಾಳಿಗೆಗೆ ಬಿಡುವೆಂಬುದೇ ಇಲ್ಲ. ಸಂಕ್ರಾಂತಿಗೆ ಇಡೀ ಊರು ಗಾಳಿಪಟ ಹಿಡಿದು ಅಲ್ಲೇ ಇರುತ್ತದೆ, ಬೇಸಿಗೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಇರುತ್ತವೆ. ಹಾಗಾಗಿ ತೊಳೆಸುವವರಿಗೆ ಕೊರತೆಯಿಲ್ಲ.

ನನ್ನ ಜೊತೆ ಅದೇ ಓಣಿಯ ಗುಜರಾತಿ ಹೆಂಗಸೊಬ್ಬಳು ಸೇರಿಕೊಂಡಳು. ನಾನು ಅವಳನ್ನು ಬೆನ್ ಅನ್ನುತ್ತೇನೆ, ಅವಳೂ ನನ್ನನ್ನು ಬೆನ್ ಅನ್ನುತ್ತಾಳೆ. ಆ ಶಬ್ದದಲ್ಲಿ ಅಕ್ಕನೂ ಬಂದಳು, ತಂಗಿಯೂ ಬಂದಳು. ಯಾರು ಹಿರಿಯರು ಎಂಬ ತಕರಾರೇ ಇಲ್ಲ.

ಪಾಚಿ ಬೇಗ ಹೋಗುತ್ತದೆ, ಘಾಟು ಹೋಗುವುದಿಲ್ಲ. ಅದು ಮೆಟ್ಟಿಲಿಳಿದು ಎಲ್ಲರ ಅಡುಗೆಮನೆಯಲ್ಲೂ ಕೂತುಬಿಡುತ್ತದೆ. ಅದಕ್ಕೇ ನಾವು ಕೊಡಗಟ್ಟಲೆ ನೀರು ಸುರಿದು ತೊಳೆದು, ಕೊನೆಗೆ ಮೆಟ್ಟಿಲ ಬಾಗಿಲಲ್ಲಿ ಸುಗಂಧದ ನೀರು ಚಿಮುಕಿಸುತ್ತೇವೆ. ಇಷ್ಟು ವರ್ಷದಲ್ಲಿ ಬೈದವರಿಗಿಂತ ಚಹಾ ಕೊಟ್ಟವರೇ ಹೆಚ್ಚು. ಅವರನ್ನೆಲ್ಲ ನೆನೆದೇ ಇದನ್ನು ಬರೆಯುತ್ತಿದ್ದೇನೆ.

ಅಗಸಿಯೋ, ಅಗಾಶಿಯೋ

ಓಣಿಯ ಹೊರಗಿನ ಮೊದಲ ಗಿರಾಕಿ ಫೋನಿನಲ್ಲಿ, "ಬೆಳಿಗ್ಗೆ ಎಂಟಕ್ಕೆ ನಮ್ಮ ಸೊಸೈಟಿಯ ಅಗಾಶಿಗೆ ಬಂದುಬಿಡಿ" ಎಂದರು. ನಮ್ಮ ಕಡೆ ಅಗಸಿ ಎಂದರೆ ಊರ ಬಾಗಿಲು. ಸರಿ, ಗೇಟಿನಲ್ಲಿ ಭೇಟಿಯಾಗಿ ಒಳಗೆ ಕರೆದುಕೊಂಡು ಹೋಗುತ್ತಾರೆ ಅಂದುಕೊಂಡೆ. ಬೆನ್‌ಗೆ ಅಂದು ಜ್ವರ. ಒಬ್ಬಳೇ ಬಕೆಟ್, ಬ್ರಷ್ಷು, ಡಬ್ಬಿ ಎಲ್ಲ ಹೊತ್ತು ಗೇಟಿನಲ್ಲಿ ನಿಂತೆ.

ಅರ್ಧ ಗಂಟೆಯಾದರೂ ಯಾರೂ ಬರಲಿಲ್ಲ. ಕೈ ಕಟ್ಟಿ ನಿಲ್ಲುವುದು ನನಗಾಗದು. ಗೇಟಿನ ಕಂಬದ ಮೇಲೂ ಪಾಚಿ ಕಟ್ಟಿತ್ತು, ಸುಮ್ಮನೆ ಬ್ಲೀಚಿಂಗ್ ಹಾಕಿ ತಿಕ್ಕತೊಡಗಿದೆ. ಅಷ್ಟರಲ್ಲಿ ಫೋನು.

"ಬೆನ್, ಎಲ್ಲಿದ್ದೀರಿ?"

"ಅಗಸಿಯಲ್ಲೇ ಇದ್ದೇನೆ, ಭಾಯಿ."

"ನಾನೂ ಅಗಾಶಿಯಲ್ಲೇ ಇದ್ದೇನೆ, ನೀವು ಕಾಣುತ್ತಿಲ್ಲವಲ್ಲ!"

ಆಗ ಮೇಲಿನಿಂದ ಒಂದು ತಲೆ ಬಗ್ಗಿ ನೋಡಿತು. ಗುಜರಾತಿಯಲ್ಲಿ ಅಗಾಶಿ ಎಂದರೆ ಮಾಳಿಗೆ ಎಂದು ನನಗೆ ಗೊತ್ತಾಗಿದ್ದು ಹಾಗೆ. ನಾಚಿಕೆಯಿಂದ ಬಕೆಟ್ ಎತ್ತಿಕೊಂಡು ಹೊರಟೆ. ಘಾಟಿಗೆ ಕೆಮ್ಮುತ್ತಿದ್ದ ವಾಚ್‌ಮನ್ ನನ್ನನ್ನು ತಡೆದು, ಎರಡೂ ಕೈ ಮುಗಿದು ಹೇಳಿದ: "ಹೋಗಬೇಡಿ ಬೆನ್. ಹತ್ತು ವರ್ಷದಲ್ಲಿ ಈ ಗೇಟಿಗೆ ಸ್ನಾನ ಮಾಡಿಸಿದವರು ನೀವೊಬ್ಬರೇ. ಇನ್ನೊಂದು ಕಂಬ ಉಳಿದಿದೆ."

ಯಜಮಾನರ ಮೂಗು

ಯಾವ ಸುಗಂಧ ಬ್ಲೀಚಿಂಗ್ ಘಾಟಿನ ಮುಂದೆ ನಿಲ್ಲುತ್ತದೆ ಎಂದು ನೋಡಲು ಮನೆಯಲ್ಲೇ ಪರೀಕ್ಷೆ ಇಟ್ಟೆ. ಅರಿವೆಯ ತುಂಡುಗಳನ್ನು ಒಂದೊಂದರಲ್ಲಿ ಅದ್ದಿ, ಡ್ಯೂಟಿ ಮುಗಿಸಿ ಬಂದ ಯಜಮಾನರ ಮೂಗಿಗೆ ಹಿಡಿದೆ.

"ಇದು ಹೆಂಗೈತ್ರಿ?"

"ನಮ್ಮ ಸ್ಟೇಷನ್ ವೇಟಿಂಗ್ ರೂಮ್ ಇದ್ದಂಗೈತಿ."

"ಇದು?"

"ಇದೂ ವೇಟಿಂಗ್ ರೂಮೇ. ಆದರ ಇನ್ನೊಂದೀಟು ಒಳಗ ಹೋದಂಗ."

ಮೂರನೆಯದನ್ನು ಹಿಡಿದೆ. ಅವರು ಮೂಗು ಮುಚ್ಚಿಕೊಂಡು ಎದ್ದೇಬಿಟ್ಟರು. "ಈಗ ನೀ ಪೂರಾ ಒಳಗ ಕರಕೊಂಡು ಹೋಗಿ, ಹೊರಗಿಂದ ಚಿಲಕ ಹಾಕಿದಿ ನೋಡು!"

ಆದರೂ ಮರುದಿನ ಸಂಜೆ ತಾವೇ ಬಂದು ಕುರ್ಚಿ ಎಳೆದು ಕೂತು, "ಎಲ್ಲಿ ತಾ ಅರಿವಿ" ಎಂದರು. ಅಂಥ ಗಂಡ ಎಲ್ಲರಿಗೂ ಸಿಗುವುದಿಲ್ಲ. ಅಂಥ ಮೂಗಂತೂ ಸಿಗುವುದೇ ಇಲ್ಲ.

ನಿಂಬೆಹಣ್ಣಿನ ಭಯ

ಮಣಿನಗರದ ಒಂದು ಮನೆಯ ಅಜ್ಜಿ. ಮನೆಮಂದಿಯೆಲ್ಲ ಬಾ ಎಂದು ಕರೆಯುತ್ತಿದ್ದರು, ಎಂದರೆ ಅಮ್ಮ. ನಾನೂ ಬಾ ಎಂದೇ ಕರೆದೆ. ನಾವು ಬಕೆಟಿನಲ್ಲಿ ಬ್ಲೀಚಿಂಗ್ ಕಲಸಿಟ್ಟು, ಮಾಳಿಗೆಯ ಆ ತುದಿಯಲ್ಲಿ ಗುಡಿಸುತ್ತಿದ್ದೆವು. ತಿರುಗಿ ನೋಡಿದರೆ ಬಾ ಬಕೆಟಿನ ಮುಂದೆ ಕೂತಿದ್ದಾರೆ, ಮಡಿಲಲ್ಲಿ ಹೆಚ್ಚಿದ ನಿಂಬೆಹಣ್ಣು!

ಬ್ಲೀಚಿಂಗಿಗೆ ಹುಳಿ ಬಿದ್ದರೆ ಏಳುವ ವಿಷಗಾಳಿ ಎಂಥದೆಂದು ಓದಿದವಳು ನಾನು. ಕಸಬರಿಗೆ ಎಸೆದು, "ಬಾ, ಬೇಡಾ!" ಎಂದು ಕಿರುಚುತ್ತ ಓಡಿದೆ. ಅವರ ಕೈಯಿಂದ ಹೋಳು ಕಸಿದು ಎಸೆದುಬಿಟ್ಟೆ. ಬಾ ಬೆಚ್ಚಿಬಿದ್ದರು.

"ಘಾಟು ಹೋಗಲಿ ಅಂತ ಹಿಂಡಲು ಬಂದರೆ ಹೀಗಾ ಮಾಡೋದು?" ಎಂದು ಅವರ ಕಣ್ಣಲ್ಲಿ ನೀರೇ ಬಂತು. ನಾನು ಪಕ್ಕದಲ್ಲಿ ಕೂತು, ಎರಡೂ ಸೇರಿದರೆ ಏನಾಗುತ್ತದೆ ಎಂದು ಕೈ ಹಿಡಿದು ವಿವರಿಸಿದೆ. ಬಾ ಎಲ್ಲ ಕೇಳಿದರು, ತಲೆಯಾಡಿಸಿದರು. ಆಮೇಲೆ ಕೆಳಗಿಳಿದು ಇಡೀ ಸೊಸೈಟಿಗೆ, "ಅಷ್ಟು ಓದಿದ ಹುಡುಗಿ, ಪಾಪ, ನಿಂಬೆಹಣ್ಣು ಕಂಡರೆ ಹೆದರುತ್ತಾಳೆ" ಎಂದು ಸುದ್ದಿ ಮುಟ್ಟಿಸಿದರು.

ಕೆಲಸ ಮುಗಿದಾಗ ಮಧ್ಯಾಹ್ನದ ಉರಿಬಿಸಿಲು. ಬಾ ತಾವೇ ಮೆಟ್ಟಿಲು ಹತ್ತಿ ದೊಡ್ಡ ಲೋಟದಲ್ಲಿ ಶರಬತ್ತು ತಂದರು. ತಲೆ ಸವರಿ ಹೇಳಿದರು: "ಕುಡಿ ಮಗಳೇ. ನಿಂಬೆಹಣ್ಣಿನದೇ, ಆದರೆ ಹೆದರಬೇಡ. ಬ್ಲೀಚಿಂಗ್ ಹಾಕಿಲ್ಲ."

ಗೋರ್ವಾದಲ್ಲಿ ಗುಲಾಬಿ

ವಡೋದರಾದ ಗೋರ್ವಾದಲ್ಲಿ ಕಾರ್ಖಾನೆಗಳ ನಡುವೆ ಮನೆಗಳೂ ಇವೆ. ಅಲ್ಲೊಂದು ಮಾಳಿಗೆ ತೊಳೆದು, ಗುಲಾಬಿಯ ನೀರು ಚಿಮುಕಿಸಿದೆವು. ಐದು ನಿಮಿಷವಾಗಿರಲಿಲ್ಲ, ಕೆಳಗಿನ ಮನೆಯವರು ಮಕ್ಕಳನ್ನೆತ್ತಿಕೊಂಡು ಹೊರಗೆ ಬಂದರು. ಕಿಟಕಿಗಳು ಧಡಧಡ ಮುಚ್ಚಿದವು. ಒಬ್ಬರು ಫೋನ್ ಹಿಡಿದು ಅಂಗಳದಲ್ಲಿ ಓಡಾಡುತ್ತಿದ್ದರು.

ನಾವು ಇಳಿದು ಬಂದು, "ಏನಾಯಿತು?" ಎಂದೆವು.

"ಎಲ್ಲೋ ಏನೋ ಸೋರಿದೆ. ಗುಲಾಬಿ ವಾಸನೆ ಬರುತ್ತಿದೆ!"

"ಅದು ನಮ್ಮದೇ, ಭಾಯಿ. ಮಾಳಿಗೆಗೆ ಹಾಕಿದ್ದು."

ಅವರು ಎದೆ ಮೇಲೆ ಕೈಯಿಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತರು. "ಮೊದಲೇ ಹೇಳಬಾರದಾ ಬೆನ್? ಇಲ್ಲಿ ಕೆಟ್ಟ ವಾಸನೆ ಬಂದರೆ ನಾವು ಹೊದ್ದು ಮಲಗುತ್ತೇವೆ. ಒಳ್ಳೆಯ ವಾಸನೆ ಬಂದರೇ ಜೀವ ಹೋಗುವುದು."

ಸೂರತ್ತಿನ ಏಲಕ್ಕಿ

ಸೂರತ್ತಿಗೆ ಹೋದಾಗ ಬುದ್ಧಿ ಬಂದಿತ್ತು. ಯಾರೂ ಹೆದರದ ಪರಿಮಳ ಇರಲಿ ಎಂದು ಏಲಕ್ಕಿಯದನ್ನು ಒಯ್ದೆವು. ಶೀಗೆ ಹುಣ್ಣಿಮೆ ಕಳೆದ ಪಾಡ್ಯಕ್ಕೆ ಸೂರತ್ತಿನ ಜನ ಮಾಳಿಗೆಯ ಮೇಲೆ ಕೂತು ಘಾರಿ ತಿನ್ನುವ ಹಬ್ಬವಿದೆ. ಘಾರಿ ಎಂದರೆ ತುಪ್ಪದಲ್ಲಿ ಮುಳುಗೆದ್ದ ಖೋವಾದ ಸಿಹಿ. ಆ ಹಬ್ಬದ ಮುಂಚಿನ ದಿನವೇ ನಮ್ಮ ಕೆಲಸ.

ಏಲಕ್ಕಿ ನೀರು ಚಿಮುಕಿಸಿ ಸಾಮಾನು ಕಟ್ಟುತ್ತಿದ್ದೆವು. ಮೆಟ್ಟಿಲಲ್ಲಿ ಕಾಲಸಪ್ಪಳ. ಮೊದಲು ಒಬ್ಬರು, ಆಮೇಲೆ ನಾಲ್ವರು, ಆಮೇಲೆ ಇಡೀ ಕಟ್ಟಡ. ಎಲ್ಲರ ಕೈಯಲ್ಲೂ ಬಟ್ಟಲು.

"ಘಾರಿ ಎಲ್ಲಿ ಮಾಡುತ್ತಿದ್ದೀರಿ?"

"ಘಾರಿ ಅಲ್ಲ, ನಾವು ಪಾಚಿ ತೊಳೆಯುವವರು" ಎಂದು ಬೆನ್ ಬಕೆಟ್ ತೋರಿಸಿದಳು. ದಪ್ಪನೆಯ ಹಿರಿಯರೊಬ್ಬರು ಬಕೆಟಿನೊಳಗೆ ಬಗ್ಗಿ ನೋಡಿ, ನಿಟ್ಟುಸಿರು ಬಿಟ್ಟು, ನಮ್ಮನ್ನೇ ತಮ್ಮ ಮನೆಗೆ ಕರೆದೊಯ್ದು ಒಂದೊಂದು ತಟ್ಟೆ ಘಾರಿ ಕೊಟ್ಟರು. ನಮಗೆ ಸಂಕೋಚ. ಅವರೆಂದರು: "ತಿನ್ನಿ ತಿನ್ನಿ. ಹಬ್ಬ ನಾಳೆ, ಅಲ್ಲಿಯವರೆಗೆ ಮುಟ್ಟಬಾರದು ಅಂತ ನನ್ನ ಹೆಂಡತಿಯ ಅಪ್ಪಣೆ. ನೀವು ಅತಿಥಿಗಳು ಬಂದಿದ್ದಕ್ಕೆ ನನಗೂ ಒಂದು ಸಿಕ್ಕಿತು."

ಮಲ್ಲಿಗೆಯ ಮದುವೆ

ಇದು ಅಹಮದಾಬಾದಿನದೇ. ಆ ಮನೆಯ ಹುಡುಗಿಯನ್ನು ನೋಡಲು ವಡೋದರಾದಿಂದ ಗಂಡಿನವರು ಸಂಜೆ ಬರುವವರಿದ್ದರು. ಮಾಳಿಗೆಯ ಮೇಲೆ ಹುಡುಗ ಹುಡುಗಿ ಕೂತು ಮಾತಾಡಲಿ ಎಂದು ಅಪ್ಪ ಬೆಳಿಗ್ಗೆ ನಮ್ಮನ್ನು ಕರೆಸಿದ್ದರು. ಈ ಹಿಂದೆ ಎರಡು ಸಂಬಂಧ ಕೈತಪ್ಪಿದ್ದವಂತೆ. "ಈ ಹುಡುಗ ಅವಳಿಗೆ ಮನಸ್ಸಿಗೆ ಬಂದಿದ್ದಾನೆ ಬೆನ್, ಆದರೆ ಅವನ ತಾಯಿ ಬಹಳ ಖಡಕ್ಕು" ಎಂದು ಅವರು ಚಹಾ ಕೊಡುವಾಗಲೇ ಹೇಳಿದರು.

ಬ್ಲೀಚಿಂಗ್ ಸುರಿದು ತಿಕ್ಕುತ್ತಿದ್ದೇವೆ, ಘಾಟು ತಾರಕಕ್ಕೇರಿದೆ. ಅಪ್ಪ ಏದುಸಿರು ಬಿಡುತ್ತ ಓಡಿ ಬಂದರು. "ಬಂದೇಬಿಟ್ಟರು! ಬೀಗಿತ್ತಿ ಮೆಟ್ಟಿಲ ಕೆಳಗೇ ಕೂತಿದ್ದಾರೆ. ಏನಾದರೂ ಮಾಡಿ!" ಅವರ ಹಿಂದೆ ಹುಡುಗಿ, ಹೊಸ ಸೀರೆಯಲ್ಲಿ, ಅಳುವುದೊಂದೇ ಬಾಕಿ.

ನಾನು, ಬೆನ್ ಇಬ್ಬರೂ ಟಾಕಿಯ ನೀರೆಲ್ಲ ಸುರಿದು ತೊಳೆದೆವು. ಹುಡುಗಿ ಸೆರಗು ಸಿಕ್ಕಿಸಿಕೊಂಡು ತಾನೂ ಎರಡು ಬಕೆಟ್ ಸುರಿದಳು. ಆಮೇಲೆ ಮಲ್ಲಿಗೆಯ ಡಬ್ಬಿ ತೆಗೆದೆ. ಒಂದು ಮುಚ್ಚಳದಷ್ಟು ಹಾಕಿದರೆ ಸಾಕು. ಗಾಬರಿಯಲ್ಲಿ ಇಡೀ ಡಬ್ಬಿಯನ್ನೇ ಮೆಟ್ಟಿಲ ಮೇಲೆ ಬಗ್ಗಿಸಿಬಿಟ್ಟೆ. ಪರಿಮಳ ಪ್ರವಾಹದಂತೆ ಕೆಳಗಿಳಿಯಿತು. ಹುಡುಗಿ ಅದರ ಹಿಂದೆಯೇ ಕೆಳಗಿಳಿದಳು, ನಾವಿಬ್ಬರೂ ನೀರಿನ ಟಾಕಿಯ ಹಿಂದೆ ಉಸಿರು ಬಿಗಿಹಿಡಿದು ಕೂತೆವು.

ಕೆಳಗಿನಿಂದ ತಾಯಿಯ ದನಿ: "ಏನು ಪರಿಮಳ ಇದು!" ಸ್ವಲ್ಪ ಹೊತ್ತಿಗೆ ನಗು. ಮತ್ತೆ ಸ್ವಲ್ಪ ಹೊತ್ತಿಗೆ ಪೇಡೆಯ ಡಬ್ಬಿ ತೆರೆದ ಸಪ್ಪಳ. ಸಂಬಂಧ ಕುದುರಿತು. ಹುಡುಗಿ ಮಾಳಿಗೆಗೆ ಓಡಿ ಬಂದು ನನ್ನ ಒದ್ದೆ ಕೈಗಳನ್ನೇ ಕಣ್ಣಿಗೊತ್ತಿಕೊಂಡಳು.

ಮದುವೆಗೆ ನಮ್ಮಿಬ್ಬರನ್ನೂ ಕರೆದರು. ಊಟದ ಹೊತ್ತಿಗೆ ಗಂಡಿನ ತಾಯಿ ನೇರ ನನ್ನ ಪಕ್ಕಕ್ಕೇ ಬಂದು ಕೂತರು. "ಆ ದಿನ ಟಾಕಿಯ ಹಿಂದೆ ಅಡಗಿ ಕೂತವರು ನೀವೇ ಅಲ್ಲವಾ?" ಎಂದರು. ಬಾಯಲ್ಲಿದ್ದ ಪೂರಿ ಬಾಯಲ್ಲೇ ಉಳಿಯಿತು.

"ನಿಮಗೆ ಗೊತ್ತಿತ್ತಾ?"

"ಟಾಕಿಯ ಮಾತು ಆಮೇಲೆ ಸೊಸೆ ಹೇಳಿದ್ದು, ಆದರೆ ನಲವತ್ತು ವರ್ಷದಿಂದ ನಮ್ಮ ಮಾಳಿಗೆಯನ್ನು ನಾನೇ ಬ್ಲೀಚಿಂಗ್ ಹಾಕಿ ತೊಳೆಯುತ್ತೇನೆ, ನನಗೆ ಆ ಘಾಟು ತಿಳಿಯದಾ? ಮೇಲಿನಿಂದ ಇಳಿದು ಬಂದ ಹುಡುಗಿಯ ಸೀರೆಯ ಅಂಚು ಒದ್ದೆ, ಕೈ ಕೆಂಪು. ಹೊಸ ಸೀರೆಯಲ್ಲಿ ಬಕೆಟ್ ಎತ್ತುವ ಹುಡುಗಿ ಬೇರೆಲ್ಲಿ ಸಿಗುತ್ತಾಳೆ? ಅಲ್ಲೇ ಒಪ್ಪಿಬಿಟ್ಟೆ."

ನನ್ನ ಕಣ್ಣು ತುಂಬಿ ಬಂತು. ಕೈ ಮುಗಿಯಲು ಹೋದೆ. ಅವರು ಕೈ ಹಿಡಿದು ಕೆಳಗಿಳಿಸಿ, ಕಿವಿಯ ಹತ್ತಿರ ಬಗ್ಗಿ ಹೇಳಿದರು:

"ಅದೆಲ್ಲ ಸರಿ ಬೆನ್. ಆದರೆ ಆ ಮಲ್ಲಿಗೆ ಎಷ್ಟು ಸುರಿದಿದ್ದಿರಿ? ಕಾರು ಆಣಂದ್ ದಾಟುವವರೆಗೂ ನಾನು ಸೀನಿದೆ. ಅಲ್ಲಿಂದ ವಡೋದರಾದವರೆಗೆ ಡ್ರೈವರ್ ಸೀನಿದ."