ಲಿಲಾವಿನ ಆರು ಕಪ್ಪು

ಹೆಡ್‌ಮಾಸ್ತರರು ಆ ಒಂದು ಮಾತು ಆಡದೇ ಇದ್ದಿದ್ದರೆ ರಮಾಕಾಂತ ಮಾಸ್ತರನ ಶನಿವಾರ ಉಳಿದೆಲ್ಲ ಶನಿವಾರಗಳ ಹಾಗೆ ಸುಮ್ಮನೆ ಕಳೆದುಹೋಗುತ್ತಿತ್ತು. ಬೆಳಗಿನ ಸಾಲಿ ಬಿಟ್ಟಿತ್ತು. ಕೊಡೆಯನ್ನು ಬಗಲಲ್ಲಿಟ್ಟುಕೊಂಡು ಆತ ಹೊರಟೇ ಬಿಟ್ಟಿದ್ದ. ಅಷ್ಟರಲ್ಲಿ ಅವರು ಕರೆದರು.

"ಏನ್ರಿ ರಮಾಕಾಂತ, ಇನಸ್ಪೆಕ್ಟರ ಯಜ್ಞೇಶ್ವರರಾಯರು ಇವತ್ತ ಸಂಜೀಕ ಐದಕ್ಕ ನಿಮ್ಮ ಮನಿಗೆ ಬರ್ತಾರ. ಹಂಗಾಮಿ ಮಾಸ್ತರರ ಮನಿ, ನಡತಿ ಎಲ್ಲಾ ಕಣ್ಣಾರೆ ನೋಡೇ ಅವರು ಷರಾ ಬರಿಯೂದು. ಕಾಯಂ ಮಾಡೂದು ಬಿಡೂದು ಅವರ ಕೈಯಾಗ ಅದ. ಎರಡು ವರ್ಷ ವಿಲಾಯತಿಯೊಳಗ ಇದ್ದು ಬಂದಾವರು, ನೆನಪಿರ್ಲಿ. ಚಹಾ ಬರೋಬ್ಬರಿ ಆಗಬೇಕು. ಹಿತ್ತಾಳಿ ಲೋಟಾದಾಗ ಕೊಟ್ಟು ನಮ್ಮ ಸಾಲಿ ಮಾನಾ ಕಳೀಬ್ಯಾಡ್ರಿ ಮತ್ತ!"

"ಆಗ್ಲಿ ತಗೋರಿ," ಅಂದ ರಮಾಕಾಂತ.

ಈ 'ಆಗ್ಲಿ ತಗೋರಿ' ಅನ್ನುವುದು ಆತನಿಗೆ ಹುಟ್ಟಿನಿಂದ ಅಂಟಿದ ರೋಗ. ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರಿಗೂ ಒಮ್ಮೆಯೂ ಇಲ್ಲ ಅಂದವನಲ್ಲ. ಪ್ರತಿ ವರ್ಷ ಸಾಲಿಯಲ್ಲಿ ಯಾರದೋ ಅಳಿಯ, ಯಾರದೋ ಭಾವಮೈದುನ ಕಾಯಂ ಆಗುತ್ತಿದ್ದ. "ನಿಮ್ಮದು ಮುಂದಿನ ವರ್ಷ ನೋಡೋಣಲ್ಲ?" ಎಂದು ಮೇಲಿನವರು ಕೇಳುತ್ತಿದ್ದರು. ಆತ ಆಗ್ಲಿ ತಗೋರಿ ಅನ್ನುತ್ತಿದ್ದ. ಹೀಗೆ ಆರು ವರ್ಷವಾಗಿತ್ತು. ಹಾವೇರಿಯ ಬಾಳಕೃಷ್ಣಪಂತರು ತಮ್ಮ ಮಗಳು ಮೃಣಾಲಿನಿಯನ್ನು ಆತನಿಗೆ ಕೊಡಲು ಒಪ್ಪಿದ್ದರು ಖರೆ, ಆದರೆ ಕಾಯಂ ಆದ ಮೇಲೆ. ಈ ಬ್ಯಾಸಗಿ ದಾಟಿದರೆ ಬೇರೆ ಗಂಡು ನೋಡುವುದಾಗಿ ಮೊನ್ನೆಯಷ್ಟೇ ಕಾರ್ಡು ಹಾಕಿದ್ದರು. ಆ ಕಾರ್ಡು ಈಗಲೂ ಅವನ ಕೋಟಿನ ಕಿಸೆಯಲ್ಲಿತ್ತು.

ಇನ್ನು ಮನೆಯಲ್ಲಿ ಗೋದಾಬಾಯಿ ಮೌಶಿ. ತೀರಿಹೋದ ಅಕ್ಕನ ಕೂಸನ್ನು ತಂದು ಸಾಕಿ, ಓದಿಸಿ, ಮಾಸ್ತರನ್ನಾಗಿ ಮಾಡಿದವಳು. ಆಕೆಯ ಮಡಿಗೆ ಅವರಿದ್ದ ಮಾಳಮಡ್ಡಿ ಪೂರಾ ಹೆದರುತ್ತಿತ್ತು. ಪಿಂಗಾಣಿ ಅಂದರೆ ಮೈಲಿಗೆ, ಚಹಾ ಅಂದರೆ "ಆ ಕರೀ ನೀರು". ದಿನಾ ಸಂಜೆ ನಾಲ್ಕೂವರೆಗೆ ಜಪಮಾಲೆ ಹಿಡಿದು ಪುರಾಣ ಕೇಳಲು ಹೋದರೆ ತಿರುಗಿ ಬರುವುದು ಆರಕ್ಕೆ. ಬರುವಾಗ ಮುಖದಲ್ಲಿ ಏನು ಕಳೆ, ನಡಿಗೆಯಲ್ಲಿ ಏನು ಚುರುಕು! ಪುರಾಣಕ್ಕೆ ಇಷ್ಟು ಶಕ್ತಿ ಇದೆಯೇ ಎಂದು ರಮಾಕಾಂತನಿಗೆ ಸೋಜಿಗವಾಗುತ್ತಿತ್ತು. ಇವತ್ತು ಅದೇ ಅವನ ಪುಣ್ಯ. ಮೌಶಿ ಆ ಕಡೆ, ಸಾಹೇಬರು ಈ ಕಡೆ. ಆರರೊಳಗೆ ಎಲ್ಲಾ ಮುಗಿಸಿ, ತೊಳೆದು, ಬಚ್ಚಿಟ್ಟರಾಯಿತು.

ಆದರೆ ಕಪ್ಪು-ಬಶಿ ಎಲ್ಲಿಂದ ತರಬೇಕು? ಸಪ್ತಾಪುರದ ಬಂಗಲೆಯಲ್ಲಿ ಊರು ಬಿಟ್ಟು ಹೊರಟಿದ್ದ ಇಂಜಿನಿಯರ ಸಾಹೇಬನ ಸಾಮಾನು ಅವತ್ತೇ ಲಿಲಾವಿಗೆ, ಅಂದರೆ ಹರಾಜಿಗೆ, ಬಿದ್ದಿತ್ತು. ರಮಾಕಾಂತ ನೇರ ಅಲ್ಲಿಗೇ ನಡೆದ.

ಹುಬ್ಬಳ್ಳಿಯಿಂದ ಬಂದ ಲಿಲಾವಿನವನು ಮೇಜಿನ ಮೇಲೆ ಹತ್ತಿ ನಿಂತು ಕೂಗುತ್ತಿದ್ದ. "ನೋಡ್ರೆಪಾ ನೋಡ್ರಿ! ಸಾಹೇಬರ ಮುತ್ತಜ್ಜಿ ಕಾಲದ್ದು. ನೂರು ವರ್ಷದ ಹಿಂದ ಚೀನಾ ದೇಶದಾಗ ಮಾಡಿದ್ದು. ಒಳಗ ಬೆರಳ ಇಟ್ರ ಹೊರಗ ನೆರಳ ಕಾಣ್ತೈತಿ!" ಎಂದು ಕಪ್ಪನ್ನು ಬಿಸಿಲಿಗೆ ಹಿಡಿದು ಬೆರಳಿಟ್ಟು ತೋರಿಸಿದ. ನೆರಳು ಖರೇನೇ ಕಂಡಿತು. ಜನ ಅಬಬಬಾ ಅಂದರು. ನೀಲಿ ಹೂವಿನ ಚಹಾದ ಕಿಟ್ಲಿ, ಹಾಲಿನ ಗಿಂಡಿ, ಸಕ್ಕರೆ ಡಬ್ಬಿ, ಆರು ಕಪ್ಪು, ಆರು ಬಶಿ. ಹುಲ್ಲು ಹಾಸಿದ ಬುಟ್ಟಿಯ ಸಮೇತ ಸವಾಲು ನಾಲ್ಕು ರೂಪಾಯಿಯಿಂದ ಸುರುವಾಯಿತು.

ರಮಾಕಾಂತ ಕೊಡೆ ಎತ್ತಿ "ಐದು" ಅಂದ. ಹಿಂದಿನಿಂದ ಯಾರೋ "ಏಳು" ಅಂದರು. "ಎಂಟು" ಅಂದ. "ಹತ್ತು!" ಅಂದಿತು ಹಿಂದಿನ ದನಿ. ರಮಾಕಾಂತ ಕಿಸೆಯಲ್ಲಿದ್ದ ಕಾರ್ಡನ್ನು ಒತ್ತಿ ಹಿಡಿದು ಮತ್ತೆ ಕೊಡೆ ಎತ್ತಿದ. ಹದಿನಾಲ್ಕಕ್ಕೆ ಆ ದನಿ ನಿಂತಿತು. ಒಂದು ಸಲ, ಎರಡು ಸಲ, ಮೂರು ಸಲ. ಅರ್ಧ ತಿಂಗಳ ಪಗಾರ ಹೋಯಿತು. ತಿರುಗಿ ನೋಡಿದರೆ ಎದುರು ಮನೆಯ ಹತ್ತಿ ವ್ಯಾಪಾರಿ ದ್ಯಾಮಣ್ಣ ಹಲ್ಲು ಕಿಸಿಯುತ್ತ ನಿಂತಿದ್ದಾನೆ!

"ನನಗೇನ್ ಬೇಕಾಗಿದ್ದಿಲ್ಲ ಬಿಡ್ರಿ ಮಾಸ್ತರ. ಒಬ್ಬರ ಕೂಗಿದ್ರ ಲಿಲಾವಿಗೆ ಕಳಾ ಬರೂದಿಲ್ಲಂತ ನಾನೂ ಕೂಗಿದೆ."

ಬುಟ್ಟಿ ಅಲ್ಲಾಸಾಬನ ಟಾಂಗಾ ಏರಿತು. ದಾರಿಯುದ್ದಕ್ಕೂ ಅಲ್ಲಾಸಾಬ ಕುದುರೆಗಿಂತ ಬುಟ್ಟಿಯನ್ನೇ ಹೆಚ್ಚು ನೋಡಿದ. ಮಾಳಮಡ್ಡಿ ಬಂದ ಕೂಡಲೆ ಬಾಯಿ ಬಿಟ್ಟ. "ಮಾಸ್ತರ, ನೆರಳ ಕಾಣೂ ಕಪ್ಪ ಅಂತ ನಾ ಬಾಯಿಲೆ ಹೇಳಿದ್ರ ನಮ್ಮ ಮಾಶಾಬಿ ನಂಬೂದಿಲ್ರಿ. ಒಂದ ಒಯ್ದು ತೋರಿಸಿ, ಐದರೊಳಗ ತಂದುಬಿಡ್ತೀನಿ."

"ಆಗ್ಲಿ ತಗೋ," ಅಂದ ರಮಾಕಾಂತ.

ಬುಟ್ಟಿಯನ್ನು ಮೌಶಿ ಇರುವ ಮನೆಗೆ ಒಯ್ಯುವಂತಿರಲಿಲ್ಲ. ದ್ಯಾಮಣ್ಣನ ಹೆಂಡತಿ ಶಿವಬಸವ್ವನ ಪಡಸಾಲೆಯಲ್ಲಿ ಇಟ್ಟ. "ಮೌಶಿಗೆ ಗೊತ್ತಾಗಬಾರದು ಶಿವಬಸವ್ವಾರ. ನಾಕೂವರಿಗೆ ಆಕಿ ಪುರಾಣಕ್ಕ ಹೋದಕೂಡ್ಲೆ ಒಯ್ತೀನಿ."

"ಪುರಾಣಕ್ಕೇನ್ರಿ?" ಎಂದು ಶಿವಬಸವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಯಾಕೆ ನಕ್ಕಳೋ ಅವನಿಗೆ ತಿಳಿಯಲಿಲ್ಲ.

ಊಟ ಮುಗಿಸಿ, ಪೇಟೆಗೆ ಹೋಗಿ, ಚಹಾಪುಡಿ ಬಿಸ್ಕೀಟು ಕೊಂಡು, ಅಂಗಡಿಯವನ ಹತ್ತಿರ ಚಹಾ ಮಾಡುವ ರೀತಿಯನ್ನು ಎರಡೆರಡು ಸಲ ಕೇಳಿಕೊಂಡು ತಿರುಗಿ ಬಂದಾಗ ನಾಲ್ಕೂ ಮುಕ್ಕಾಲು. ಶಿವಬಸವ್ವನ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ನಡುವೆ ಬುಟ್ಟಿ. ಬುಟ್ಟಿಯಲ್ಲಿ ಬಶಿಗಳು, ಹಾಲಿನ ಗಿಂಡಿ, ಸಕ್ಕರೆ ಡಬ್ಬಿ, ಮತ್ತೆ ಹುಲ್ಲು.

"ಕಪ್ಪು ಎಲ್ಲೆ?"

"ಎಲ್ಲಾ ಇಲ್ಲೇ ಹತ್ತರದಾಗ ಅದಾವ್ರಿ, ಗಾಬರಿ ಆಗಬ್ಯಾಡ್ರಿ," ಅಂದಳು ಶಿವಬಸವ್ವ. "ಮೂಲಿ ಮನಿ ಬಾಳವ್ವ ಒಂದ ಒಯ್ದಾಳ. ಆಕಿ ಮೊಮ್ಮಗ ಕಷಾಯ ಕುಡಿವಲ್ಲಂತ. ಚೆಂದನ್ನ ಕಪ್ಪಿನ್ಯಾಗ ಕೊಟ್ರ ಕುಡಿತಾನಂತ. ನಮ್ಮವ್ರು ಕಿಟ್ಲೀನೂ ಮೂರ ಕಪ್ಪೂ ಅಂಗಡ್ಯಾಗ ಮಂದಿಗೆ ತೋರಿಸಾಕ ಒಯ್ದಾರ. ಅಲ್ಲಾಸಾಬನ ಕಡೆ ಒಂದ ಐತಿ ಅಂತ ನೀವ ಹೇಳಿದ್ರಿ."

"ಅಲ್ಲಿಗೆ ಐದಾತು. ಇನ್ನೊಂದು?"

"ಅದು ನನ್ನ ಅಡಗಿ ಮನ್ಯಾಗ ಐತಿ. ಅದರದೊಂದು ಕೆಲಸ ಐತ್ರಿ ನನಗ. ಮನಿಗೇ ತಂದು ಕೊಡ್ತೀನಿ."

"ಆಗ್ಲಿ ತಗೋರಿ," ಅಂದು ಆತ ಓಡಿದ.

ಬಾಳವ್ವನ ಮೊಮ್ಮಗ ಕಷಾಯ ಕುಡಿದು, ಕಪ್ಪನ್ನು ಎರಡೂ ಕೈಲಿ ಅವಚಿಕೊಂಡು ಮಲಗಿಬಿಟ್ಟಿದ್ದ. ಬಿಡಿಸಲು ಹೋದರೆ ನಿದ್ದೆಗಣ್ಣಿನಲ್ಲೇ ಚೀರಿದ. ದ್ಯಾಮಣ್ಣನ ಅಂಗಡಿಯಲ್ಲಿ ದ್ಯಾಮಣ್ಣ ಇರಲಿಲ್ಲ. ಪಕ್ಕದ ಅಡತಿ ಅಂಗಡಿಯಲ್ಲಿ ಕಿಟ್ಲಿ ತೋರಿಸಲು ಹೋಗಿದ್ದ. ಅಲ್ಲಾಸಾಬನ ಟಾಂಗಾ ಸ್ಟೇಶನ್ನಿಗೆ ಹೋಗಿತ್ತು. ಮೂರೂ ಕಡೆ ರಮಾಕಾಂತ ಕೈ ಮುಗಿದು ಹೇಳಿಟ್ಟು ಬಂದ. "ಲಗೂನ ನಮ್ಮ ಮನಿಗೇ ತಂದು ಕೊಡ್ರಿ. ನನ್ನ ನೌಕರಿ ಅದರ ಮ್ಯಾಲೆ ನಿಂತದ!"

ಏದುಸಿರು ಬಿಡುತ್ತ ಮನೆಗೆ ಬಂದರೆ, ಪುರಾಣಕ್ಕೆ ಹೋಗಬೇಕಾದ ಮೌಶಿ ಪಡಸಾಲೆಯಲ್ಲೇ ಕೂತಿದ್ದಾಳೆ! ಹಣೆಗೆ ಸುಂಠಿ ಹಚ್ಚಿಕೊಂಡು ಮುಖ ಊದಿಸಿಕೊಂಡಿದ್ದಳು.

"ಪುರಾಣಕ್ಕ ಹೋಗಲಿಲ್ಲೇನು ಮೌಶಿ?"

"ಹೋಗಿದ್ದೆ. ಕಾಲಿಡಲಿಕ್ಕೆ ಜಾಗಾ ಇಲ್ಲ ಅಲ್ಲೆ. ಇಡೀ ಓಣಿ ಬಂದು ಕೂತದ. ತಿರುಗಿ ಬಂದೆ. ತಲಿ ಅನ್ನೂದು ಸಿಡದು ಹೋಗಲಿಕತ್ತದ."

ಆತ ಉತ್ತರ ಕೊಡುವಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಇನಸ್ಪೆಕ್ಟರ ಯಜ್ಞೇಶ್ವರರಾಯರು! ಸೂಟಿಲ್ಲ, ಬೂಟಿಲ್ಲ. ಕಚ್ಚೆ ಧೋತರ, ಶಾಲು, ಮೈಮೇಲೆ ಎದ್ದು ಕಾಣುವ ಗೋಪೀಚಂದನದ ಮುದ್ರೆ, ಕೈಯಲ್ಲಿ ಒಂದು ಬೆಳ್ಳಿ ತಂಬಿಗೆ. ರಮಾಕಾಂತ ತಡವರಿಸಿದ.

"ಸಾಹೇಬರ, ಚಹಾದ್ದು ಏನದಲ್ಲ..."

"ಹರಿ ಹರಿ! ಅದರ ಹೆಸರು ಎತ್ತಬ್ಯಾಡ್ರಿ," ಅಂದರು ರಾಯರು. "ಎರಡು ವರ್ಷ ಆ ದೇಶದಾಗ ಪಿಂಗಾಣಿ ಕಪ್ಪಿನ್ಯಾಗ ಆ ಹೊಲಸು ಕುಡದೆ. ತಿರುಗಿ ಬಂದು ಪ್ರಾಯಶ್ಚಿತ್ತ ಮಾಡಿಸಿಕೊಂಡೆ. ಹತ್ತು ವರ್ಷಾತು, ಈ ತಂಬಿಗಿ ಬಿಟ್ಟು ಬ್ಯಾರೆ ಮುಟ್ಟಿಲ್ಲ. ನಾ ವಿಲಾಯತಿಯಾಂವ ಅಂತ ಎಲ್ಲಾ ಮಾಸ್ತರರೂ ಕಪ್ಪು-ಬಶಿ ಜೋಡಿಸಿಟ್ಟು ದಾರಿ ಕಾಯ್ತಾರ್ರಿ! ನೋಡಿದ್ರ ಮೈ ಉರೀತದ. ನಿಮ್ಮ ಮನಿ ನೋಡ್ರಿ, ಹೆಂಗ ಛಲೋ ಅದ!"

"ನಮ್ಮ ಮನ್ಯಾಗ ಆ ಕರೀ ನೀರಿಗೆ ಹೊಸ್ತಿಲಾ ದಾಟಗೊಡಂಗಿಲ್ರಿ," ಅಂದಳು ಮೌಶಿ, ಹಣೆ ಒತ್ತಿಕೊಳ್ಳುತ್ತ. ಎದ್ದು ರಾಯರ ತಂಬಿಗೆಗೆ ಹಾಲು ಹಾಕಿದಳು.

ರಾಯರು ಹಾಲು ಕುಡಿದು, ಶಾಲಿಗೆ ಕೈ ಒರೆಸಿ, ಕಾಗದ ತೆಗೆದು ಬರೆಯಲು ಕೂತರು. ಬರೆಯುವುದನ್ನು ಗಟ್ಟಿಯಾಗಿ ಓದುವ ರೂಢಿ ಅವರಿಗೆ. "ಮನೆತನ ಉತ್ತಮ. ಆಚಾರ ಉತ್ತಮ. ಇವರನ್ನು ಕಾಯಂ ಮಾಡಲು..."

ರಮಾಕಾಂತನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕಪ್ಪು ಸಿಗದೇ ಹೋದದ್ದೇ ಒಳ್ಳೆಯದಾಯಿತಲ್ಲ! ಮೃಣಾಲಿನಿ ಬಾಗಿಲಲ್ಲಿ ಅಕ್ಕಿ ಒದ್ದು ಒಳಗೆ ಬರುವುದೂ ಅವನ ಕಣ್ಣಿಗೆ ಕಟ್ಟಿತು. ಆಮೇಲೆ, ಲಗೂನ ಮನಿಗೇ ತಂದು ಕೊಡ್ರಿ ಎಂದು ತಾನೇ ಮೂರು ಕಡೆ ಹೇಳಿ ಬಂದದ್ದು ನೆನಪಾಯಿತು.

ಮಾಳಮಡ್ಡಿಯಲ್ಲಿ ಒಯ್ದ ವಸ್ತು ಹೇಳಿದ ಹೊತ್ತಿಗೆ ತಿರುಗಿ ಬಂದದ್ದು ಅವತ್ತೊಂದೇ ದಿನ.

"ಮಾಸ್ತರ, ತಗೋರಿ ನಿಮ್ಮ ಕಪ್ಪ!" ಎಂದು ಅಲ್ಲಾಸಾಬ ಕಟ್ಟೆಯ ಮೇಲಿಟ್ಟ. "ಮಾಶಾಬಿ ನಂಬಿದಳ್ರಿ." ಅವನ ಬೆನ್ನಿಗೇ ಬಾಳವ್ವ ಬಂದಳು. "ಕೂಸು ಎದ್ದ ಕೂಡ್ಲೆ ಓಡಿ ಬಂದೇನ್ರಿ, ನಿಮ್ಮ ನೌಕರಿ ಅಂದ್ರೆಲ್ಲ." ಅವಳ ಹಿಂದೆ ದ್ಯಾಮಣ್ಣ ಒಂದು ಕೈಲಿ ಕಿಟ್ಲಿ, ಇನ್ನೊಂದರ ಬೆರಳಿಗೆ ಮೂರು ಕಪ್ಪು ಸಿಗಿಸಿಕೊಂಡು ಒಳಗೇ ಬಂದ. "ಇಡೀ ಅಡತಿ ಹೊಗಳಿತ್ರಿ ಮಾಸ್ತರ! ಹದಿನಾಕು ರೂಪಾಯಿಗೆ ಲಿಲಾವಿನ್ಯಾಗ ಹಿಡದದ್ದು ಅಂದೆ. ಸೋವಿ ಆತಂದ್ರು."

ಬರೆಯುತ್ತಿದ್ದ ರಾಯರ ಟಾಕು ಗಾಳಿಯಲ್ಲೇ ನಿಂತಿತು. ಮೌಶಿಯ ಕಣ್ಣು ಕೆಂಡವಾಯಿತು. "ಪಿಂಗಾಣಿ! ನಮ್ಮ ಮನಿಗೆ? ರಮ್ಯಾ!" ಎಂದು ರಮಾಕಾಂತನ ಕಡೆ ತಿರುಗಿದಳು.

ಆಗ ಬಂದಳು ಶಿವಬಸವ್ವ. ಆರನೆಯ ಕಪ್ಪು ಅವಳ ಕೈಯಲ್ಲಿತ್ತು. ತುಳುಕಬಾರದೆಂದು ಕಪ್ಪಿನ ಮೇಲೇ ಕಣ್ಣಿಟ್ಟು ನಡೆದು ಬಂದದ್ದರಿಂದ ಅವಳಿಗೆ ಬೇರೆ ಯಾರೂ ಕಾಣಲಿಲ್ಲ.

"ಸಿಟ್ಟಾದಿರೇನ್ರಿ ಗೋದಕ್ಕ? ಮಂದಿ ಕಂಡು ಬಾಗಲದಿಂದನ ತಿರುಗಿ ಹೋದ್ರೆಲ್ಲ! ಚಹಾ ಇಲ್ಲದ ನಿಮ್ಮ ತಲಿ ನೋಯ್ತೈತಿ ಅಂತ ನಾನ ತಂದೇನಿ. ದಿನಾ ನಮ್ಮ ಕಂಚಿನ ಬಟ್ಟಲದಾಗ ಕುಡೀತೀರಿ, ಇವತ್ತರ ಸಾಹೇಬರ ಕಪ್ಪಿನ್ಯಾಗ ಕುಡೀರಿ!"

ಹೇಳಿ ತಲೆ ಎತ್ತಿದಳು. ರಾಯರನ್ನು ಕಂಡು ನಾಲಿಗೆ ಕಚ್ಚಿಕೊಂಡಳು. ಕಪ್ಪಿನಿಂದ ಚಹಾದ ಹಬೆ ಏಳುತ್ತಿತ್ತು.

"ಈ ಚಹಾ ಯಾರದು?" ಎಂದು ರಾಯರು ಕೇಳಿದರು.

ಮೌಶಿಯ ಕೈಯಲ್ಲಿ ಜಪಮಾಲೆ ನಿಂತಿತು. ಆಕೆ ರಮಾಕಾಂತನನ್ನು ನೋಡಿದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಕಣ್ಣು ಯಾರನ್ನೂ ಏನೂ ಬೇಡಿದ್ದನ್ನು ಅವನು ಕಂಡಿರಲಿಲ್ಲ.

"ನಂದರಿ," ಅಂದ ರಮಾಕಾಂತ. "ಮೌಶಿ ಹೆಸರು ಹೇಳಿ ನಾನ ತರಿಸಿಕೊಂಡು ಕುಡೀತೀನ್ರಿ. ಪಾಪ, ಆಕಿಗೇನೂ ಗೊತ್ತಿಲ್ಲ."

"ಮತ್ತ ಈಕಿ ಗೋದಕ್ಕ ಅಂದಳಲ್ಲ?" ಅಂದರು ರಾಯರು.

"ಈಕಿಗೂ ಗೊತ್ತಿಲ್ರಿ."

ರಾಯರು ಬರೆದದ್ದನ್ನು ಒಂದೇ ಗೆರೆಯಲ್ಲಿ ಹೊಡೆದು ಹಾಕಿದರು. ತಂಬಿಗೆ ಎತ್ತಿಕೊಂಡು ಎದ್ದು ನಿಂತರು. "ಇಂಥಾ ಮುತ್ತಿನಂಥ ಮೌಶಿ ಕಣ್ಣಿಗೆ ಮಣ್ಣು ಹಾಕ್ತೀರೆಲ್ಲ, ನಾಚಿಗಿ ಬರಬೇಕು ನಿಮಗ! ನಿಮ್ಮದು ಮುಂದಿನ ವರ್ಷ ನೋಡೋಣು."

"ಆಗ್ಲಿ ತಗೋರಿ," ಅಂದ ರಮಾಕಾಂತ.

ರಾಯರು ಹೋದರು. ಅವರ ಹಿಂದೆ ಓಣಿಯೂ ಸದ್ದಿಲ್ಲದೆ ಕರಗಿತು; ಶಿವಬಸವ್ವ ಬುಟ್ಟಿಯನ್ನು ತಂದು ಪಡಸಾಲೆಯಲ್ಲಿಟ್ಟು ಹೋದಳು. ಮೌಶಿ ಬಾಗಿಲಿಗೆ ಅಗಳಿ ಹಾಕಿ ಬಂದು ಕೂತಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಹುಚ್ಚಪ್ಪಾ, ನನ್ನ ಸಲುವಾಗಿ ಬರೂ ಹೆಣ್ತೀನ್ನ ಕಳಕೊಂಡ್ಯಲ್ಲೋ."

ಅವಳು ಮೊದಲು ಒಂದು ಖಾಲಿ ಕಪ್ಪನ್ನು ಬೆಳಕಿಗೆ ಎತ್ತಿ, ಒಳಗೆ ಬೆರಳಿಟ್ಟು ನೆರಳು ನೋಡಿದಳು. ಆಮೇಲೆ ಬುಟ್ಟಿಯಿಂದ ಬಶಿ ತರಿಸಿ, ಚಹಾ ಸುರುವಿಕೊಂಡು ಸೊರ್ರನೆ ಒಂದು ಗುಟುಕು ಎಳೆದಳು. ಮುಖಕ್ಕೆ ಪುರಾಣದ ಕಳೆ ಬಂತು.

"ಇನ್ನ ಶಿವಬಸವ್ವನ ಮನಿಗೆ ಹೋಗೂ ಹಂಗಿಲ್ಲ, ಮಂದಿ ಆಡಿಕೊಳ್ತಾರ," ಅಂದಳು. "ಚಹಾ ಕುಡಿಯಾಂವ ಅಂತ ನಿನಗ ಹೆಂಗೂ ಹೆಸರು ಬಂತು. ನಾಳಿಂದ ನಾಕೂವರಿಗೆ ನೀನ ಮಾಡು. ಒಬ್ಬಾಕಿನ ಕುಡದ್ರ ನನಗ ಇಳಿಯೂದಿಲ್ಲ, ಜೋಡಿ ನೀನೂ ಕುಡೀಬೇಕು. ಸಕ್ರಿ ಮಾತ್ರ ಇದಕ್ಕಿಂತ ಚೂರು ಮುಂದಾಗಿ ಹಾಕು."

ಹುಟ್ಟಿದಾಗಿನಿಂದ ಒಂದು ಗುಟುಕು ಚಹಾ ಕುಡಿದು ಅರಿಯದ ರಮಾಕಾಂತ, ಕಿಸೆಯ ಕಾರ್ಡನ್ನು ತೆಗೆದು ಬುಟ್ಟಿಯ ಹುಲ್ಲಿನೊಳಗೆ ಇಟ್ಟ.

"ಆಗ್ಲಿ ತಗೋ, ಮೌಶಿ," ಅಂದ.